ಹಳೆಯ ಬಿಬಿಸಿ ಮೈಕ್ರೋ ಆನ್ ಆಗ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂತ ಗೊತ್ತಾದ ಮೇಲೆ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳಿದವರಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ. ಮೊದಲಿನವು ಯಾರಿಗಾದರೂ ಅರ್ಥವಾಗುತ್ತವೆ. ಕೊನೆಯವಕ್ಕೆ ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರಬೇಕು.

## ಸ್ವಿಚ್ ಹಾಕುವ ಮೊದಲು

ಸ್ಕೂಲಿನ ಸ್ಟೋರ್ ರೂಮಲ್ಲಿ ಒಂದು ದಪ್ಪ ಕೀಬೋರ್ಡ್ ತರದ್ದು ಸಿಕ್ಕಿತು. ಮೇಲೆ ಚುಕ್ಕಿಗಳಲ್ಲಿ ಗೂಬೆ ಚಿತ್ರ ಇದೆ. ಇದೇನು?

ಆ ಗೂಬೆ ಇದ್ದರೆ ಅದು ಬಿಬಿಸಿ ಮೈಕ್ರೋ. ಬರೀ ಕೀಬೋರ್ಡ್ ಅಲ್ಲ, ಇಡೀ ಕಂಪ್ಯೂಟರೇ ಅದರೊಳಗಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ ಮಾಡಿದ್ದು. 1981ರ ಕೊನೆಗೆ ಮಾರುಕಟ್ಟೆಗೆ ಬಂತು. ಒಳಗೆ 2 ಮೆಗಾಹರ್ಟ್ಸ್‌ನಲ್ಲಿ ಓಡುವ 6502 ಪ್ರೊಸೆಸರ್ ಇದೆ. ಮಾಡೆಲ್ ಬಿ ಆದರೆ 32 ಕಿಲೋಬೈಟ್ ಮೆಮೊರಿ, ಮಾಡೆಲ್ ಎ ಆದರೆ 16.

ನಮ್ಮ ಶಾಲೆಗೆ ಹೇಗೆ ಬಂತು ಅಂತ ಆಶ್ಚರ್ಯ ಬೇಡ. 1984ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಅನ್ನುವ ಯೋಜನೆ ಶುರುಮಾಡಿ ಶಾಲೆಗಳಿಗೆ ಕೊಟ್ಟದ್ದು ಇದೇ ಯಂತ್ರವನ್ನು. ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಇದರ ಮೇಲೆಯೇ, ಅದೂ ಚಪ್ಪಲಿ ಹೊರಗೆ ಬಿಟ್ಟು. ಇನ್ನೊಂದು ಮಾತು ಹೇಳಲೇಬೇಕು. ಈಗ ನಿಮ್ಮ ಮೊಬೈಲ್‌ನಲ್ಲಿರುವ ಆರ್ಮ್ ಪ್ರೊಸೆಸರ್ ಇದೆಯಲ್ಲ, ಅದರ ಮೊದಲ ಚಿಪ್ 1985ರ ಏಪ್ರಿಲ್‌ನಲ್ಲಿ ಓಡಿದ್ದು ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿದ ಬೋರ್ಡಿನಲ್ಲಿ. ಹಾಗಾಗಿ ಗುಜರಿಗೆ ಹಾಕಬೇಡಿ.

ಒಂದ್ಸಲ ಪ್ಲಗ್ ಹಾಕಿ ನೋಡಿಬಿಡಲಾ?

ಬೇಡ. ನನ್ನ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ.

ಒಳಗಿನ ಪವರ್ ಸಪ್ಲೈಯಲ್ಲಿ ಎರಡು ಪುಟ್ಟ ಕೆಪಾಸಿಟರ್‌ಗಳಿವೆ. ಜೇನಿನ ಬಣ್ಣದ, ಸ್ವಲ್ಪ ಪಾರದರ್ಶಕ ಪ್ಲಾಸ್ಟಿಕ್ ಚೌಕಗಳು. ಮೇಲೆ ರೀಫಾ ಅಂತ ಬರೆದಿರುತ್ತದೆ. ಇವು ನೇರವಾಗಿ 230 ವೋಲ್ಟ್ ಲೈನಿಗೆ ಅಡ್ಡಲಾಗಿ ಕೂತಿರುತ್ತವೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ನಲವತ್ತು ವರ್ಷದಲ್ಲಿ ಹೊರಗಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಬಿರುಕಿನಿಂದ ತೇವ ಒಳಗೆ ಹೋಗುತ್ತದೆ. ಆಮೇಲೆ ಕರೆಂಟ್ ಕೊಟ್ಟರೆ ಸಿಡಿಯುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದ ಯಂತ್ರವಾದರೆ ಕೇಳುವುದೇ ಬೇಡ.

ಆನ್ ಮಾಡುವ ಮೊದಲೇ ಅವೆರಡನ್ನೂ ಬದಲಾಯಿಸಿ. ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಹೊಸದು ಎಕ್ಸ್2 ದರ್ಜೆಯದ್ದೇ ಆಗಿರಬೇಕು, 275 ವೋಲ್ಟ್ ಎಸಿ ಅಂತ ಬರೆದಿರಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಕ್ಸ್2 ಅಂತ ಕೇಳಿ, ಕೊಡ್ತಾರೆ. ಮಾಮೂಲಿ ಕೆಪಾಸಿಟರ್ ಹಾಕಬೇಡಿ.

ಪವರ್ ಸಪ್ಲೈ ಬಿಚ್ಚುವುದು ಗೊತ್ತಿಲ್ಲದಿದ್ದರೆ ನೀವೇ ಕೈಹಾಕಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಅದು ಜೀವ ತೆಗೆಯುವಷ್ಟು. ನಿಮ್ಮೂರಿನಲ್ಲಿ ಟಿವಿ ರಿಪೇರಿ ಮಾಡುವವರು ಯಾರಾದರೂ ಇದ್ದೇ ಇರ್ತಾರೆ. ಎಸ್‌ಎಂಪಿಎಸ್, ಅಂದರೆ ಇಂಥ ಪವರ್ ಸಪ್ಲೈ, ಅವರಿಗೆ ದಿನದ ಕೆಲಸ. ಆ ಡಬ್ಬಿ ಒಂದನ್ನೇ ಬಿಚ್ಚಿಕೊಂಡು ಹೋಗಿ ಕೊಡಿ, ಸಾಕು.

ಮಾವ ಲಂಡನ್ನಿಂದ ತಂದಿದ್ದು. ನಮ್ಮ ಕರೆಂಟಿಗೆ ಹೊಂದುತ್ತಾ?

ಹೊಂದುತ್ತದೆ. ಅಲ್ಲಿಯೂ 50 ಹರ್ಟ್ಸ್, ವೋಲ್ಟೇಜ್ ಕೂಡ ಹತ್ತಿರ ಹತ್ತಿರ ನಮ್ಮದೇ. ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಪ್ಲಗ್ ಮಾತ್ರ ಬೇರೆ, ಮೂರು ಚಪ್ಪಟೆ ಪಿನ್ನಿನದು. ಅದರೊಳಗೆ ಒಂದು ಫ್ಯೂಸ್ ಇರುತ್ತದೆ. ಯಂತ್ರ ಸತ್ತೇ ಹೋಗಿದೆ ಅಂದುಕೊಂಡಾಗ ಮೊದಲು ಆ ಫ್ಯೂಸ್ ನೋಡಿ.

ಪ್ಲಗ್ ಬದಲಾಯಿಸುವುದಾದರೆ ತಂತಿಯ ಬಣ್ಣ ನೆನಪಿಡಿ. ಕಂದು ಲೈನ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ತ್. ನಮ್ಮ ಹಳೆಯ ವೈರಿಂಗಿನ ಕೆಂಪು-ಕಪ್ಪು ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅರ್ತ್ ಬಿಟ್ಟು ಎರಡು ಪಿನ್ ಪ್ಲಗ್ ಹಾಕುವುದಂತೂ ಬೇಡವೇ ಬೇಡ.

ನಿಮ್ಮ ಮಾತು ಕೇಳೋ ಮೊದಲೇ ಹಾಕ್ಬಿಟ್ಟೆ. ಹೊಗೆ ಬಂತು. ಎಲ್ಲ ಮುಗೀತಾ?

ಮುಗಿದಿಲ್ಲ. ಪ್ಲಗ್ ಕಿತ್ತು ಕಿಟಕಿ ತೆರೆಯಿರಿ. ಆ ಹೊಗೆ ದಟ್ಟವಾಗಿರುತ್ತದೆ, ನಾತ ಎರಡು ದಿನ ಮನೆಯಲ್ಲಿ ಇರುತ್ತದೆ. ನನ್ನ ಮೊದಲ ಯಂತ್ರದಲ್ಲೂ ಹೀಗೇ ಆಯಿತು. ಆನ್ ಮಾಡಿದ ಹತ್ತು ನಿಮಿಷಕ್ಕೆ ಪಟ್ ಅಂತ ಒಂದು ಸದ್ದು, ಎಡಗಡೆಯ ಸೀಳುಗಳಿಂದ ಬೂದು ಹೊಗೆ. ಅಮ್ಮ ಅಡುಗೆ ಮನೆಯಿಂದ ಓಡಿಬಂದರು. ಬಿಚ್ಚಿ ನೋಡಿದರೆ ಒಂದು ರೀಫಾ ಪುಸ್ತಕದ ಹಾಗೆ ತೆರೆದುಕೊಂಡಿತ್ತು, ಸುತ್ತ ಕಂದು ಬಣ್ಣದ ಅಂಟು.

ಆ ಕೆಪಾಸಿಟರ್‌ನ ಕೆಲಸ ಲೈನಿನ ಗಲಾಟೆ ಸೋಸುವುದು ಅಷ್ಟೇ. ಅದು ಸತ್ತರೂ ಸಾಮಾನ್ಯವಾಗಿ ಉಳಿದದ್ದಕ್ಕೆ ಏನೂ ಆಗಿರುವುದಿಲ್ಲ. ಎರಡನ್ನೂ ತೆಗೆದು, ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದು ಹಾಕಿಸಿ. ಫ್ಯೂಸ್ ಹೋಗಿದೆಯಾ ನೋಡಿ. ನನ್ನದು ಇವತ್ತಿಗೂ ನಡೆಯುತ್ತಿದೆ.

## ಆನ್ ಮಾಡಿದ ಮೇಲೆ

ಸರಿಯಾಗಿರೋ ಯಂತ್ರ ಆನ್ ಆದಾಗ ಹೇಗಿರುತ್ತೆ?

ಮೊದಲು ಕಿವಿಗೊಡಿ, ಆಮೇಲೆ ಟಿವಿ ನೋಡಿ. ಈ ಯಂತ್ರ ತನಗೇನಾಗಿದೆ ಅಂತ ಪರದೆಗಿಂತ ಮೊದಲು ಸ್ಪೀಕರ್‌ನಲ್ಲಿ ಹೇಳುತ್ತದೆ. ಸ್ವಿಚ್ ಹಾಕಿದ ತಕ್ಷಣ ‘ಬೂಂ’ ಅಂತ ಒಂದು ದಪ್ಪ ದನಿ, ಅದರ ಬೆನ್ನಿಗೇ ‘ಬೀಪ್’ ಅಂತ ಒಂದು ಸಣ್ಣ ದನಿ. ದಪ್ಪ ದನಿ ಧ್ವನಿ ಚಿಪ್‌ನದು. ಕರೆಂಟ್ ಬಂದ ಕೂಡಲೇ ಅದು ತನ್ನಷ್ಟಕ್ಕೆ ಕೂಗಲು ಶುರುಮಾಡುತ್ತದೆ. ಪ್ರೊಸೆಸರ್ ಎದ್ದು, ರೋಂನಲ್ಲಿರುವ ಪ್ರೋಗ್ರಾಂ ಓದಿ, ಅದನ್ನು ಸುಮ್ಮನಾಗಿಸಿ, ತನ್ನ ಬೀಪ್ ಹೊಡೆಯುತ್ತದೆ. (ರೋಂ ಅಂದರೆ ಆರ್‌ಓಎಂ, ಪ್ರೋಗ್ರಾಂ ಅಳಿಯದಂತೆ ತುಂಬಿಟ್ಟ ಚಿಪ್.)

ಕೊನೆಗೆ ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ದೀಪ ಒಂದೇ ಉರಿಯುತ್ತಿರಬೇಕು. ಪರದೆಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’, ಕೆಳಗೆ ‘ಬೇಸಿಕ್’ (ಈ ಯಂತ್ರದ ಪ್ರೋಗ್ರಾಮಿಂಗ್ ಭಾಷೆ), ಅದರ ಕೆಳಗೆ ಬಾಣದ ಗುರುತು. ಡಿಸ್ಕ್ ಸೌಲಭ್ಯ ಇದ್ದರೆ ನಡುವೆ ಇನ್ನೊಂದು ಸಾಲು ಬರುತ್ತದೆ.

ಏನೂ ಇಲ್ಲ. ದೀಪಾನೂ ಇಲ್ಲ, ಶಬ್ದಾನೂ ಇಲ್ಲ.

ಕರೆಂಟ್ ಬೋರ್ಡಿಗೆ ಮುಟ್ಟುತ್ತಿಲ್ಲ. ಪ್ಲಗ್, ಫ್ಯೂಸ್, ಹಿಂದಿನ ಸ್ವಿಚ್ ಇಷ್ಟು ನೋಡಿದ ಮೇಲೆ ಪವರ್ ಸಪ್ಲೈ. ಅದರಲ್ಲಿ ರೀಫಾ ಬಿಟ್ಟರೆ ಪದೇ ಪದೇ ಕೆಡುವುದು ಸಿ9 ಅಂತ ಗುರುತಿರುವ 220 ಮೈಕ್ರೋಫ್ಯಾರಡ್‌ನ ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಹೊರಗಿನಿಂದ ಊದಿಕೊಂಡಿರುವುದಿಲ್ಲ, ನೋಡಿದರೆ ಚೆನ್ನಾಗೇ ಇದೆ ಅನ್ನಿಸುತ್ತದೆ. ಆದರೆ ಒಳಗೆ ಒಣಗಿರುತ್ತದೆ, ಸಪ್ಲೈ ಶುರುವೇ ಆಗುವುದಿಲ್ಲ. ರೀಫಾ ಬದಲಾಯಿಸುವಾಗಲೇ ಇದನ್ನೂ ಬದಲಾಯಿಸಲು ಹೇಳಿ.

ರಿಪೇರಿಯವರಿಗೆ ಒಂದು ವಿಷಯ ತಿಳಿಸಿ. ಈ ಸಪ್ಲೈ ಲೋಡ್ ಇಲ್ಲದೆ ಸರಿಯಾಗಿ ನಡೆಯುವುದಿಲ್ಲ. ಬೋರ್ಡಿನಿಂದ ಬಿಡಿಸಿ ಬರಿದೇ ಅಳೆದರೆ ಕೆಟ್ಟಿದೆ ಅಂತ ತಪ್ಪು ತಿಳಿಯಬಹುದು. 5 ವೋಲ್ಟ್ ಲೈನಿಗೆ 4.7 ಓಮ್, 10 ವ್ಯಾಟ್‌ನ ರೆಸಿಸ್ಟರ್ ಒಂದನ್ನು ಹಾಕಿ ಅಳೆದರೆ ಸುಮಾರು 1 ಆಂಪಿಯರ್ ಎಳೆಯುತ್ತದೆ, ನಿಜ ಗೊತ್ತಾಗುತ್ತದೆ. ರೆಸಿಸ್ಟರ್ ಕಾಯುತ್ತದೆ, ಮುಟ್ಟಬೇಡಿ.

ಬೀಪ್ ಸರಿಯಾಗಿ ಬರುತ್ತೆ, ಟಿವಿಲಿ ಮಾತ್ರ ಏನೂ ಇಲ್ಲ.

ಹಾಗಾದರೆ ಕಂಪ್ಯೂಟರ್ ಎದ್ದಿದೆ. ಖಾತ್ರಿ ಮಾಡಿಕೊಳ್ಳಲು ಕಂಟ್ರೋಲ್ ಕೀ ಒತ್ತಿ ಹಿಡಿದು ಜಿ ಒತ್ತಿ. ಮತ್ತೆ ಬೀಪ್ ಬಂದರೆ ಪ್ರೊಸೆಸರ್, ಮೆಮೊರಿ, ಕೀಬೋರ್ಡ್ ಮೂರೂ ಕೆಲಸ ಮಾಡುತ್ತಿವೆ.

ಹತ್ತರಲ್ಲಿ ಏಳೆಂಟು ಸಲ ತಪ್ಪು ಟಿವಿ ಕಡೆಯೇ ಇರುತ್ತದೆ. ಹಿಂದುಗಡೆ ಮೂರು ತರದ ಔಟ್‌ಪುಟ್ ಇವೆ. ಆಂಟೆನಾ ಕಡೆಯದು ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ ಬರುತ್ತದೆ. ಅದನ್ನು ಹುಡುಕಿ ಟ್ಯೂನ್ ಮಾಡುವುದು ಸುಮ್ನೆ ತಲೆನೋವು. ಬಿಎನ್‌ಸಿ ಸಾಕೆಟ್‌ನಿಂದ ಬರುವ ಕಾಂಪೊಸಿಟ್ ಹಿಡಿಯಿರಿ. ಸಿಸಿಟಿವಿ ಹಾಕುವವರ ಹತ್ತಿರ ಬಿಎನ್‌ಸಿಯಿಂದ ಆರ್‌ಸಿಎಗೆ ಅಡಾಪ್ಟರ್ ಸಿಗುತ್ತದೆ. ಅದನ್ನು ಟಿವಿಯ ಹಳದಿ ತೂತಿಗೆ ಹಾಕಿ. ಚಿತ್ರ ಕಪ್ಪು ಬಿಳುಪಿನಲ್ಲಿ ಬಂದರೆ ಗಾಬರಿ ಬೇಡ, ಕಾರ್ಖಾನೆಯಿಂದ ಬಂದದ್ದೇ ಹಾಗೆ. ಬಣ್ಣ ಬೇಕಿದ್ದರೆ ಬೋರ್ಡಿನಲ್ಲಿ ಎಸ್39 ಅನ್ನುವ ಲಿಂಕ್ ಜೋಡಿಸಬೇಕು.

ಇಷ್ಟಾದರೂ ಬರದಿದ್ದರೆ ಕಣ್ಣುಮುಚ್ಚಿ ‘ಮೋಡ್ 4’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಿಟರ್ನ್ ಒತ್ತಿ. ಈಗ ಚಿತ್ರ ಬಂದರೆ ಕೆಟ್ಟಿರುವುದು ಪರದೆಗೆ ಅಕ್ಷರ ಬಿಡಿಸುವ ಟೆಲಿಟೆಕ್ಸ್ಟ್ ಚಿಪ್ ಎಸ್‌ಎಎ5050ರ ದಾರಿ ಮಾತ್ರ. ಯಂತ್ರ ಶುರುವಾಗುವ ಮೋಡ್ 7 ಆ ಚಿಪ್ಪನ್ನೇ ನಂಬಿದೆ.

ಬೂ... ಅಂತ ನಿಲ್ಲದೆ ಕೂಗ್ತಾನೇ ಇದೆ. ತಲೆ ಕೆಟ್ಟು ಹೋಯ್ತು.

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಧ್ವನಿ ಚಿಪ್ ಕೂಗುತ್ತಿದೆ, ಅದನ್ನು ಸುಮ್ಮನಾಗಿಸಬೇಕಾದ ಪ್ರೊಸೆಸರ್ ಎದ್ದಿಲ್ಲ. ಎದ್ದಿಲ್ಲ ಅಂದ ಮಾತ್ರಕ್ಕೆ ಪ್ರೊಸೆಸರೇ ಕೆಟ್ಟಿದೆ ಅಂತ ಅಲ್ಲ. ನನ್ನ ಅನುಭವದಲ್ಲಿ ಚಿಪ್ ಕೆಟ್ಟಿರುವುದಕ್ಕಿಂತ ಚಿಪ್‌ನ ಕಾಲು ಸಾಕೆಟ್‌ಗೆ ತಾಗದೇ ಇರುವುದೇ ಜಾಸ್ತಿ.

ಪ್ಲಗ್ ಕಿತ್ತಿಡಿ. ಹಿಂದೆ ಎರಡು, ಕೆಳಗೆ ಎರಡು ಸ್ಕ್ರೂ ಇವೆ, ಪಕ್ಕದಲ್ಲಿ ‘ಫಿಕ್ಸ್’ ಅಂತ ಬರೆದಿರುತ್ತದೆ. ಬಿಚ್ಚಿದರೆ ಮುಚ್ಚಳ ಏಳುತ್ತದೆ. ಮೊದಲು ಫೋಟೋ ತೆಗೆಯಿರಿ. ಯಾವ ಚಿಪ್‌ನ ಗುರುತಿನ ಕಚ್ಚು ಯಾವ ಕಡೆಗಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಹಲ್ಲಿ ಮೊಟ್ಟೆ, ಜಿರಲೆ ಕಸ ಇದ್ದರೆ ಮೃದುವಾದ ಬ್ರಷ್‌ನಲ್ಲಿ ತೆಗೆಯಿರಿ.

ಈಗ ಸಾಕೆಟ್‌ನಲ್ಲಿರುವ ಚಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ. ತೆಳ್ಳಗಿನ ಸ್ಕ್ರೂಡ್ರೈವರನ್ನು ಒಂದು ತುದಿಯಲ್ಲಿ ಸ್ವಲ್ಪ, ಇನ್ನೊಂದು ತುದಿಯಲ್ಲಿ ಸ್ವಲ್ಪ, ಹೀಗೆ ಸರದಿಯಲ್ಲಿ ಹಾಕಿ ಏಳಿಸಬೇಕು. ಒಂದೇ ಕಡೆ ಎತ್ತಿದರೆ ಕಾಲು ಮುರಿಯುತ್ತದೆ. ಕಾಲುಗಳು ಕಪ್ಪಾಗಿರುತ್ತವೆ, ಹಳೆಯ ಬೆಳ್ಳಿ ಕಾಲುಗೆಜ್ಜೆಯ ಹಾಗೆ. ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ವಾಪಸ್ ಒತ್ತಿ. ಒಂದು ಮುಗಿಯುವ ತನಕ ಇನ್ನೊಂದು ತೆಗೆಯಬೇಡಿ. ಮುಖ್ಯವಾದವು (ಐಸಿ ನಂಬರ್ ಬೋರ್ಡಿನ ಮೇಲೆ ಬರೆದಿರುತ್ತದೆ): ಐಸಿ1 ಪ್ರೊಸೆಸರ್, ಐಸಿ3 ಸಿಸ್ಟಂ ವಯಾ (ಕೀಬೋರ್ಡ್, ಧ್ವನಿ ಚಿಪ್ ನೋಡಿಕೊಳ್ಳುವ ಚಿಪ್), ಐಸಿ6 ವಿಡಿಯೋ ಯುಎಲ್‌ಎ (ಪರದೆಯ ಚಿತ್ರ ಮಾಡುವ ಚಿಪ್), ಐಸಿ51 ಅಂದರೆ ಆಪರೇಟಿಂಗ್ ಸಿಸ್ಟಂ ಇರುವ ರೋಂ.

ಆಗಲೂ ಕೂಗಿದರೆ ಮಾಡೆಲ್ ಬಿಯನ್ನು ಮಾಡೆಲ್ ಎ ಮಟ್ಟಕ್ಕೆ ಇಳಿಸಿ. ಕೆಳಗೆ ಸಿಕ್ಕಿಸಿದ ಪಟ್ಟಿ ಕೇಬಲ್‌ಗಳೆಲ್ಲ ಹೊರಗೆ. ಹೆಚ್ಚುವರಿ ರೋಂಗಳು ಹೊರಗೆ. ಫ್ಲಾಪಿ ಕಂಟ್ರೋಲರ್ ಐಸಿ78, ಯೂಸರ್ ವಯಾ ಐಸಿ69 ಕೂಡ ಹೊರಗೆ. ಮಾಡೆಲ್ ಎಯಲ್ಲಿ ಇವು ಇರಲೇ ಇಲ್ಲ, ಹಾಗಾಗಿ ಇಲ್ಲದೆಯೂ ಯಂತ್ರ ಏಳಬೇಕು. ಇದರಲ್ಲಿ ಇನ್ನೊಂದು ಲಾಭ ಇದೆ. ಐಸಿ3, ಐಸಿ69 ಎರಡೂ ಒಂದೇ ಜಾತಿಯ 6522 ಚಿಪ್‌ಗಳು. ತೆಗೆದ ಐಸಿ69ನ್ನು ಐಸಿ3ರ ಜಾಗಕ್ಕೆ ಹಾಕಿ ನೋಡಿ. ಕೂಗು ನಿಂತು ಬೀಪ್ ಬಂದರೆ ಕಳ್ಳ ಸಿಕ್ಕಂತೆ. ಒಂದು ರೂಪಾಯಿ ಖರ್ಚಿಲ್ಲ.

ಪರದೆಯಲ್ಲಿ ‘ಲಾಂಗ್ವೇಜ್?’ ಅಂತ ಕೇಳುತ್ತೆ. ನಾನೇನು ಟೈಪ್ ಮಾಡ್ಬೇಕು?

ಏನೂ ಮಾಡಬೇಕಿಲ್ಲ. ಅದು ನಿಮ್ಮನ್ನು ಕೇಳುತ್ತಿಲ್ಲ, ಬೇಸಿಕ್ ಇರುವ ರೋಂ ಕಾಣುತ್ತಿಲ್ಲ ಅನ್ನುತ್ತಿದೆ. ಸಾಮಾನ್ಯವಾಗಿ ಅದು ಐಸಿ52ರಲ್ಲಿರುತ್ತದೆ. ತೆಗೆದು ಕಾಲು ಒರೆಸಿ ಮತ್ತೆ ಕೂರಿಸಿ. ಒಂದು ಕಾಲು ಒಳಕ್ಕೆ ಮಡಚಿಕೊಂಡಿದೆಯಾ ಅಂತ ಪಕ್ಕದಿಂದ ಬಗ್ಗಿ ನೋಡಿ.

ಮಾಡೆಲ್ ಬಿ ಅಂತಾರೆ, ಆದ್ರೆ 16ಕೆ ಅಂತ ತೋರಿಸುತ್ತೆ.

ಮೆಮೊರಿಯ ಅರ್ಧ ಭಾಗ ಯಂತ್ರಕ್ಕೆ ಕಾಣುತ್ತಿಲ್ಲ, ಇಲ್ಲವೇ ಅದು ನಿಜಕ್ಕೂ ಮಾಡೆಲ್ ಎ. ಬೋರ್ಡಿನಲ್ಲಿ ಐಸಿ53ರಿಂದ 68ರ ತನಕ ಎಣಿಸಿ. ಹದಿನಾರು ಚಿಪ್ ಇದ್ದರೆ 32ಕೆ ಬರಬೇಕು.

## ಮೀಟರ್ ಹಿಡಿದವರಿಗೆ

5 ವೋಲ್ಟ್ ಎಲ್ಲಿ ಅಳೀಬೇಕು? ಸಪ್ಲೈಯಲ್ಲಿ ಸರಿಯಾಗೇ ಇದೆ.

ಸಪ್ಲೈಯಲ್ಲಿ ಅಲ್ಲ, ಚಿಪ್ ಮೇಲೆ ಅಳೆಯಿರಿ. ಐಸಿ1ರ 8ನೇ ಕಾಲಿನಲ್ಲಿ ಕೆಂಪು, 1ನೇ ಕಾಲಿನಲ್ಲಿ ಕಪ್ಪು. 4.75ರಿಂದ 5.25ರ ಒಳಗೆ ಇರಬೇಕು. ಸಪ್ಲೈಯಿಂದ ಬೋರ್ಡಿಗೆ ಮೂರು ಜೋಡಿ ಕೆಂಪು-ಕಪ್ಪು ತಂತಿ ಬರುತ್ತವೆ, ತುದಿಯಲ್ಲಿ ಚಪ್ಪಟೆ ಕ್ಲಿಪ್. ಆ ಕ್ಲಿಪ್‌ಗಳು ಸಡಿಲವಾಗಿ, ಕಪ್ಪಾಗಿ, ಅಲ್ಲೇ ಕಾಲು ವೋಲ್ಟ್ ನುಂಗಿಬಿಡುತ್ತವೆ. ಕಿತ್ತು, ಒರೆಸಿ, ಇಕ್ಕಳದಲ್ಲಿ ಸ್ವಲ್ಪ ಬಿಗಿಮಾಡಿ ಹಾಕಿ. ನೇರಳೆ ತಂತಿ ಮೈನಸ್ 5 ವೋಲ್ಟಿನದು, ಅದನ್ನು ಕೆಂಪಿನ ಜಾಗಕ್ಕೆ ಯಾವ ಕಾರಣಕ್ಕೂ ಹಾಕಬೇಡಿ.

ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ಪರದೆಯೆಲ್ಲ ಗಿಜಿಗಿಜಿ.

ಮೊದಲ ಅನುಮಾನ ಐಸಿ6, ವಿಡಿಯೋ ಯುಎಲ್‌ಎ. ಮೊದಮೊದಲ ಯಂತ್ರಗಳಲ್ಲಿ ಫೆರಾಂಟಿಯವರು ಮಾಡಿದ ಚಿಪ್ ಇರುತ್ತಿತ್ತು, ಅದು ಬೆರಳಿಡಲಾಗದಷ್ಟು ಕಾಯುತ್ತದೆ. ಅದಕ್ಕೇ ಮೇಲೊಂದು ಹೀಟ್‌ಸಿಂಕ್ ಇರುತ್ತದೆ. ಹೀಟ್‌ಸಿಂಕ್ ಅಂಟು ಬಿಟ್ಟಿದ್ದರೆ ಮತ್ತೆ ಅಂಟಿಸಿ. ಮುಚ್ಚಳದ ಗಾಳಿ ಕಿಂಡಿಗಳ ಮೇಲೆ ಟಿವಿ ಇಟ್ಟಿದ್ದರೆ ಇಳಿಸಿ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ನಡೆಸುವವರಾದರೆ ಒಂದು ಪುಟ್ಟ ಫ್ಯಾನ್ ಇಟ್ಟುಕೊಳ್ಳಿ.

‘ಬಿಬಿಸಿ’ ಬದಲು ‘ಸಿಸಿಸಿ’ ಅಂತ ಬರುತ್ತೆ! ಖಾಲಿ ಜಾಗದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ.

ಇದು ನನಗೆ ತುಂಬಾ ಇಷ್ಟದ ದೋಷ, ಯಾಕಂದ್ರೆ ಉತ್ತರ ಪರದೆಯ ಮೇಲೇ ಬರೆದಿದೆ. ಇಂಗ್ಲಿಷಿನ ಬಿ ಅಕ್ಷರದ ಸಂಕೇತ 66, ಸಿ ಅಕ್ಷರದ್ದು 67. ಖಾಲಿ ಜಾಗ 32, ಆಶ್ಚರ್ಯಸೂಚಕ 33. ಸಿ ಮೊದಲೇ ಬೆಸ, ಹಾಗಾಗಿ ಅದು ಬದಲಾಗಿಲ್ಲ. ಸಮಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಹೋಗಿವೆ. 32ಕೆ ಇರಬೇಕಾದ ಕಡೆ 33ಕೆ ಅಂತ ಇದೆಯಾ ನೋಡಿ, ಇದ್ದೇ ಇರುತ್ತದೆ.

ಅಂದರೆ ಎಲ್ಲಕ್ಕಿಂತ ಚಿಕ್ಕ ಬಿಟ್ ಯಾವಾಗಲೂ 1 ಆಗಿ ಅಂಟಿಕೊಂಡಿದೆ. ಮೆಮೊರಿಯಲ್ಲೇ ಹೀಗಾಗಿದ್ದರೆ ಪ್ರೊಸೆಸರ್ ಏಳುತ್ತಲೇ ಇರಲಿಲ್ಲ. ಹಾಗಾಗಿ ತಪ್ಪು ಮೆಮೊರಿಯಿಂದ ಟೆಲಿಟೆಕ್ಸ್ಟ್ ಚಿಪ್‌ಗೆ ಹೋಗುವ ದಾರಿಯಲ್ಲಿದೆ. ಐಸಿ5 ಅನ್ನುವ ಎಸ್‌ಎಎ5050ನ್ನು ತೆಗೆದು ಕೂರಿಸಿ. ಆಗದಿದ್ದರೆ ಅದರ ಹಿಂದಿರುವ ಐಸಿ15, ಒಂದು 74ಎಲ್‌ಎಸ್273. ಸುಲಭವಾಗಿ ಸಿಗುವ ಚಿಪ್ ಅದು.

ಲಾಜಿಕ್ ಪ್ರೋಬ್ ಇದೆ. ಎಲ್ಲಿಂದ ಶುರು ಮಾಡ್ಲಿ?

ಐಸಿ1ರ ಮೇಲೆ, ಇದೇ ಕ್ರಮದಲ್ಲಿ. 40ನೇ ಕಾಲು ರಿಸೆಟ್. ಆನ್ ಮಾಡಿದಾಗ ಕ್ಷಣಕಾಲ ಕೆಳಗಿದ್ದು ಮೇಲಕ್ಕೆ ಏರಿ ಅಲ್ಲೇ ನಿಲ್ಲಬೇಕು. ಕೆಳಗೇ ಉಳಿದರೆ ಬ್ರೇಕ್ ಕೀ ಒತ್ತಿಕೊಂಡು ಸಿಕ್ಕಿಹಾಕಿಕೊಂಡಿದೆಯಾ ನೋಡಿ, ಆಮೇಲೆ ಐಸಿ16 ಅನ್ನುವ 555 ಟೈಮರ್ ನೋಡಿ. 37ನೇ ಕಾಲು ಕ್ಲಾಕ್, ಮಿಡಿಯುತ್ತಿರಬೇಕು. ಮಿಡಿಯದಿದ್ದರೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಕಡೆಗೆ ಹೋಗಿ. 7ನೇ ಕಾಲು ಸಿಂಕ್. ಪ್ರೊಸೆಸರ್ ಪ್ರತಿ ಹೊಸ ಆದೇಶ ಓದಿದಾಗಲೂ ಇದು ಮಿಡಿಯುತ್ತದೆ. ರಿಸೆಟ್, ಕ್ಲಾಕ್ ಸರಿ ಇದ್ದು ಇದೊಂದು ಸುಮ್ಮನಿದ್ದರೆ ಆಗ ಪ್ರೊಸೆಸರನ್ನು ಅನುಮಾನಿಸಿ. 26ರಿಂದ 33ರ ತನಕ ಡೇಟಾ ಕಾಲುಗಳು. ಏಳು ಮಿಡಿಯುತ್ತಾ ಒಂದು ಮಾತ್ರ ಮೇಲೋ ಕೆಳಗೋ ಅಂಟಿಕೊಂಡಿದ್ದರೆ ಆ ಗೆರೆಯನ್ನು ಹಿಡಿದು ಹೋಗಿ. ಸಾಕೆಟ್‌ನಲ್ಲಿರುವ ಚಿಪ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದರೆ ಯಾವುದನ್ನು ತೆಗೆದಾಗ ಆ ಗೆರೆ ಬಿಡುಗಡೆಯಾಯಿತೋ ಅದೇ ಕೆಟ್ಟದ್ದು.

ಮೆಮೊರಿ ಚಿಪ್ ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಹದಿನಾರೂ ಬದಲಾಯಿಸ್ಲಾ?

ಹದಿನಾರನ್ನೂ ಕಿತ್ತರೆ ಬೋರ್ಡಿನ ತಾಮ್ರದ ಗೆರೆಗಳು ಏಳುವ ಭಯ. ಹಾಗೆ ಮಾಡಬೇಡಿ. ಆನ್ ಮಾಡಿ ಎರಡು ನಿಮಿಷ ಬಿಟ್ಟು ಒಂದೊಂದರ ಮೇಲೂ ಬೆರಳಿಡಿ. ಉಳಿದವಕ್ಕಿಂತ ತುಂಬಾ ಬಿಸಿ ಇರುವುದು, ಇಲ್ಲವೇ ತಣ್ಣಗಿರುವುದು ಮೊದಲ ಅನುಮಾನ. ಒಳ್ಳೆಯ 4816 ಚಿಪ್ ಒಂದನ್ನು ಅದರ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಒತ್ತಿ ಹಿಡಿದು ಆನ್ ಮಾಡಿದರೆ ಕೆಲವು ಸಲ ಯಂತ್ರ ಏಳುತ್ತದೆ. ಎದ್ದರೆ ಅದೊಂದನ್ನೇ ಕತ್ತರಿಸಿ ತೆಗೆದು ಸಾಕೆಟ್ ಹಾಕಿ. ಏಳದಿದ್ದರೆ ಮೆಮೊರಿ ಸರಿ ಇದೆ ಅಂತ ತೀರ್ಮಾನ ಬೇಡ, ಒಳಗೆ ಶಾರ್ಟ್ ಆದ ಚಿಪ್‌ಗೆ ಈ ಉಪಾಯ ನಡೆಯುವುದಿಲ್ಲ.

ಬದಲಿ ತರುವಾಗ ವೇಗ ನೋಡಿ. ಇಲ್ಲಿ ಪ್ರೊಸೆಸರ್ ಒಂದು ಸರದಿ, ಪರದೆ ಒಂದು ಸರದಿ ಅಂತ ಮೆಮೊರಿಯನ್ನು ಸೆಕೆಂಡಿಗೆ 40 ಲಕ್ಷ ಸಲ ಮುಟ್ಟುತ್ತವೆ. 1981ರಲ್ಲಿ ಅಷ್ಟು ವೇಗದ ಚಿಪ್ ಸಿಗುವುದೇ ಅಪರೂಪವಾಗಿತ್ತು. ನಿಧಾನದ್ದು ಹಾಕಿದರೆ ಬೇರೆಯದೇ ತೊಂದರೆ ಶುರು.

ನನ್ನದು ಮಾಸ್ಟರ್ 128. ‘ದಿಸ್ ಈಸ್ ನಾಟ್ ಎ ಲಾಂಗ್ವೇಜ್’ ಅನ್ನುತ್ತೆ.

ಮಾಸ್ಟರ್ 1986ರಲ್ಲಿ ಬಂದ ತಮ್ಮ. ಅಣ್ಣನಿಗಿಲ್ಲದ ಬ್ಯಾಟರಿ ಇದಕ್ಕಿದೆ. ಯಾವ ರೋಂನಿಂದ ಶುರುವಾಗಬೇಕು ಅನ್ನುವುದನ್ನು ಆ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಸತ್ತರೆ ನೆನಪು ಕಲಸಿಹೋಗುತ್ತದೆ. ಆರ್ ಕೀ ಒತ್ತಿ ಹಿಡಿದುಕೊಂಡೇ ಆನ್ ಮಾಡಿ, ನೆನಪು ಅಳಿಸಿ ಮೊದಲಿನಂತಾಗುತ್ತದೆ. ಹೇಳಿದಂತೆ ಬ್ರೇಕ್ ಒತ್ತಿದರೆ ಬೇಸಿಕ್ ಬರಬೇಕು. ಅದಾದ ಮೇಲೆ ಮುಚ್ಚಳ ತೆಗೆದು ಹಳೆಯ ಬ್ಯಾಟರಿ ಇವತ್ತೇ ಹೊರಗೆ ಹಾಕಿ. ಸೋರಿದ್ದರೆ ಬೋರ್ಡಿನ ಮೇಲೆ ಹಸಿರು ಪುಡಿ ಕಾಣಿಸುತ್ತದೆ.